ಹದಿನಾರು ಮಿಲಿಸೆಕೆಂಡಿನ ಊಹೆ

ಫೋನಿನಲ್ಲಿ ಉದ್ದನೆಯ ಪಟ್ಟಿಯೊಂದನ್ನು ತೆರೆಯಿರಿ. ನಿಮ್ಮ ಪರಿಚಿತರ ಹೆಸರುಗಳ ಪಟ್ಟಿಯೇ ಸಾಕು. ಹೆಬ್ಬೆರಳಿಟ್ಟು ಮೇಲಕ್ಕೆ ತಳ್ಳಿ. ಹೆಸರುಗಳು ಬೆರಳಿಗೆ ಅಂಟಿಕೊಂಡಂತೆ ಸಾಗಿದರೆ ಕೈಯಲ್ಲೊಂದು ಯಂತ್ರವಿದೆ ಎಂಬುದೇ ಮರೆತುಹೋಗುತ್ತದೆ. ನಡುವೆ ಒಮ್ಮೆ ತಡವರಿಸಿತೋ, ಕಣ್ಣು ತಕ್ಷಣ ಹಿಡಿದುಬಿಡುತ್ತದೆ.

ಆ ತಡವರಿಕೆ ಎಷ್ಟು ಹೊತ್ತಿನದು? ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವ ಕಾಲ 16.67 ಮಿಲಿಸೆಕೆಂಡು. ಅಷ್ಟರೊಳಗೆ ಹೊಸ ಫ್ರೇಮ್ ಸಿದ್ಧವಾಗದಿದ್ದರೆ ಪರದೆ ಕಾಯುವುದಿಲ್ಲ, ಹಳೆಯದನ್ನೇ ಇನ್ನೊಮ್ಮೆ ತೋರಿಸುತ್ತದೆ. 17ನೇ ಮಿಲಿಸೆಕೆಂಡಿಗೆ ಬಂದ ಫ್ರೇಮಿಗೂ 30ನೆಯದಕ್ಕೆ ಬಂದ ಫ್ರೇಮಿಗೂ ಕಣ್ಣಿನ ಲೆಕ್ಕದಲ್ಲಿ ಭೇದವಿಲ್ಲ. ಬಸ್ಸು ಒಂದು ನಿಮಿಷದಲ್ಲಿ ತಪ್ಪಿದರೂ ಹದಿನೈದು ನಿಮಿಷದಲ್ಲಿ ತಪ್ಪಿದರೂ ಮುಂದಿನ ಬಸ್ಸಿಗೇ ಕಾಯಬೇಕಲ್ಲ, ಹಾಗೆ. 90 ಹರ್ಟ್ಸ್ ಪರದೆಯಲ್ಲಿ ಈ ಗಡುವು 11.1 ಮಿಲಿಸೆಕೆಂಡು, 120 ಹರ್ಟ್ಸ್ ಪರದೆಯಲ್ಲಿ 8.3.

ಇಷ್ಟು ಕಿರಿದಾದ ಅವಧಿಯಲ್ಲಿ ಆಗಬೇಕಾದ ಕೆಲಸ ಕಡಿಮೆಯೇನಲ್ಲ. ಬೆರಳು ಸರಿದದ್ದನ್ನು ಸ್ಪರ್ಶಪರದೆಯ ಚಿಪ್ ಗುರುತಿಸಿ ಪ್ರೊಸೆಸರಿನ ಬಾಗಿಲು ತಟ್ಟಬೇಕು. ಆ್ಯಪ್‌ನೊಳಗೆ ಮಲಗಿದ್ದ ಎಳೆಯೊಂದು ಎದ್ದು, ಯಾವ ಹೆಸರು ಎಲ್ಲಿ ಕೂರಬೇಕೆಂದು ಲೆಕ್ಕ ಹಾಕಬೇಕು. ಗ್ರಾಫಿಕ್ಸ್ ಚಿಪ್ ಬಣ್ಣ ತುಂಬಬೇಕು. ಬೇರೆ ಬೇರೆ ಪದರಗಳನ್ನು ಒಂದರ ಮೇಲೊಂದು ಜೋಡಿಸಿ ಪರದೆಗೆ ಒಪ್ಪಿಸಬೇಕು. ಇದರ ಪ್ರತಿ ಹಂತದಲ್ಲೂ ಮೂರು ಪ್ರಶ್ನೆಗಳು ಏಳುತ್ತವೆ: ಈಗ ಯಾರು ಓಡಬೇಕು, ಪ್ರೊಸೆಸರಿನ ಯಾವ ಕೋರ್‌ನಲ್ಲಿ ಓಡಬೇಕು, ಎಷ್ಟು ವೇಗದಲ್ಲಿ ಓಡಬೇಕು. ಮೂರಕ್ಕೂ ಉತ್ತರ ಕೊಡುವುದು ಫೋನಿನ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್. ಮುಂದಿನ ಕ್ಷಣದಲ್ಲಿ ನಿಮ್ಮ ಬೆರಳು ಏನು ಮಾಡಲಿದೆ ಎಂದು ಗೊತ್ತಿಲ್ಲದೆಯೇ ಅದು ಉತ್ತರಿಸಬೇಕು. ಹಾಗಾಗಿ ಕರ್ನೆಲ್ಲಿನ ಉತ್ತರಗಳೆಲ್ಲ ಒಂದು ಬಗೆಯ ಊಹೆಗಳೇ. ತಯಾರಕರು ಫೋನಿನೊಂದಿಗೇ ಕೊಡುವ ಸ್ಟಾಕ್ ಕರ್ನೆಲ್ ಮತ್ತು ಹವ್ಯಾಸಿಗಳು ತಿದ್ದಿ ಕೊಡುವ ಕಸ್ಟಮ್ ಕರ್ನೆಲ್‌ಗಳ ನಡುವಿನ ಪೈಪೋಟಿಯನ್ನು ನಾನು ಎರಡು ಊಹೆಗಳ ನಡುವಿನ ಪೈಪೋಟಿ ಎಂದೇ ಓದುತ್ತೇನೆ. ಒಂದು ಎಲ್ಲರಿಗಾಗಿ ಮಾಡಿದ ಊಹೆ, ಇನ್ನೊಂದು ಒಬ್ಬರಿಗಾಗಿ ಮಾಡಿದ್ದು.

ಆಂಡ್ರಾಯ್ಡ್ ಫೋನುಗಳ ಒಳಗಿರುವುದು ಲಿನಕ್ಸ್ ಕರ್ನೆಲ್. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಈ ತಿರುಳು 1992ರಿಂದ ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿದೆ. ಅದರ ಷರತ್ತು ಸರಳ: ಈ ಕರ್ನೆಲ್ಲನ್ನು ತಿದ್ದಿ ಮಾರಾಟ ಮಾಡುವವರು ತಿದ್ದಿದ ಮೂಲಸಂಕೇತವನ್ನೂ ಕೊಳ್ಳುವವರಿಗೆ ಸಿಗುವಂತೆ ಮಾಡಬೇಕು. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದಾಗ ಅದರ ಜೊತೆಗೆ ಈ ಷರತ್ತೂ ಬಂತು. ಫೋನಿನ ಉಳಿದ ತಂತ್ರಾಂಶದಲ್ಲಿ ಮುಚ್ಚಿದ ಭಾಗಗಳು ಎಷ್ಟೇ ಇರಲಿ, ಕರ್ನೆಲ್ಲಿನ ಮೂಲ ಮಾತ್ರ ಹೊರಗೆ ಬರಲೇಬೇಕಿತ್ತು. ಅದನ್ನು ಇಳಿಸಿಕೊಂಡು, ತಿದ್ದಿ, ಕಂಪೈಲ್ ಮಾಡಿ, ಕೆಲವೇ ಮೆಗಾಬೈಟಿನ ಕಡತವಾಗಿ ಮತ್ತೆ ಫೋನಿಗೆ ಫ್ಲಾಶ್ ಮಾಡುವ ಯುವಕರ ಒಂದು ದಂಡೇ ಹುಟ್ಟಿಕೊಂಡಿತು. ಫ್ರಾಂಕೊ ಕರ್ನೆಲ್, ಎಲಿಮೆಂಟಲ್‌ಎಕ್ಸ್ ಮುಂತಾದ ಹೆಸರುಗಳು ಗೂಗಲ್‌ನ ನೆಕ್ಸಸ್ ಫೋನು ಇಟ್ಟುಕೊಂಡಿದ್ದವರ ಬಾಯಲ್ಲಿ ನಲಿದಾಡಿದ್ದು ಈ ಕಾಲದಲ್ಲಿ. ಇವುಗಳಲ್ಲಿ ಹೆಚ್ಚಿನವು ಕಾಲೇಜಿನ ಪಾಠದ ನಡುವೆ, ರಾತ್ರಿ ನಿದ್ದೆಗೆಟ್ಟು, ಸಂಬಳವಿಲ್ಲದೆ ಮಾಡಿದ ಕೆಲಸ. ಅದರ ಬಗ್ಗೆ ನನಗೆ ಈಗಲೂ ಗೌರವವಿದೆ.

ಇವರು ತಿದ್ದುತ್ತಿದ್ದುದು ಏನನ್ನು? ಅದನ್ನು ತಿಳಿಯಲು ಒಂದು ಸಣ್ಣ ಲೆಕ್ಕವನ್ನು ದಾಟಿಹೋಗಬೇಕು.

ಚಿಪ್‌ನ ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವಾಗ ಖರ್ಚಾಗುವ ವಿದ್ಯುತ್ತು ಗಡಿಯಾರದ ವೇಗಕ್ಕೆ ನೇರ ಅನುಪಾತದಲ್ಲಿದೆ, ವೋಲ್ಟೇಜಿಗಾದರೋ ಅದರ ವರ್ಗದ ಅನುಪಾತದಲ್ಲಿದೆ. ವೇಗವನ್ನು ಮಾತ್ರ ಅರ್ಧಕ್ಕಿಳಿಸಿದರೆ ಖರ್ಚಿನ ದರ ಅರ್ಧವಾಗುತ್ತದೆ, ಆದರೆ ಕೆಲಸ ಮುಗಿಯಲು ಎರಡರಷ್ಟು ಹೊತ್ತು ಬೇಕು. ಒಟ್ಟು ಖರ್ಚು ಅಷ್ಟೇ. ಲಾಭ ಬರುವುದು ವೇಗ ಇಳಿದಾಗ ವೋಲ್ಟೇಜನ್ನೂ ಇಳಿಸಬಹುದಾದ್ದರಿಂದ. 2 ಗಿಗಾಹರ್ಟ್ಸಿನಲ್ಲಿ 1 ವೋಲ್ಟ್ ಬೇಡುವ ಚಿಪ್ 1 ಗಿಗಾಹರ್ಟ್ಸಿನಲ್ಲಿ 0.8 ವೋಲ್ಟಿಗೆ ತೃಪ್ತಿಪಡುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 0.8ರ ವರ್ಗ 0.64. ಅದೇ ಕೆಲಸಕ್ಕೆ ಈಗ 100ರ ಬದಲು 64 ಪಾಲು ಶಕ್ತಿ ಸಾಕು. ನಿಧಾನವೇ ಲಾಭ ಎನ್ನಿಸುತ್ತದೆ ಅಲ್ಲವೇ?

ಆದರೆ ಕೆಲಸ ನಡೆಯುತ್ತಿರುವಷ್ಟೂ ಹೊತ್ತು ಮೆಮೊರಿ ಎಚ್ಚರವಾಗಿರುತ್ತದೆ, ಚಿಪ್‌ನೊಳಗಿನ ದಾರಿಗಳು ಎಚ್ಚರವಾಗಿರುತ್ತವೆ. ಸುಮ್ಮನಿರುವ ಟ್ರಾನ್ಸಿಸ್ಟರುಗಳಿಂದಲೂ ವಿದ್ಯುತ್ತು ತೊಟ್ಟಿಕ್ಕಿ ಸೋರುತ್ತಿರುತ್ತದೆ. ಎರಡರಷ್ಟು ಹೊತ್ತು ಎಚ್ಚರವಿದ್ದರೆ ಈ ಸೋರಿಕೆಯೂ ಎರಡರಷ್ಟು. ಹಾಗಾದರೆ ಬೇಗ ಮುಗಿಸಿ ಬೇಗ ಮಲಗುವುದೇ ಲೇಸೇ? ಅದೂ ಪೂರ್ತಿ ನಿಜವಲ್ಲ, ಏಕೆಂದರೆ ವೇಗದ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ವೋಲ್ಟೇಜು ಕಡಿದಾಗಿ ಏರುತ್ತದೆ. ಪ್ರತಿ ಚಿಪ್‌ಗೂ ನಡುವೆ ಎಲ್ಲೋ ಒಂದು ಹಿತವಾದ ಮೆಟ್ಟಿಲು ಇರುತ್ತದೆ, ಕಡಿಮೆ ಶಕ್ತಿಯಲ್ಲಿ ಹೆಚ್ಚು ಕೆಲಸ ಅಲ್ಲಿ ಆಗುತ್ತದೆ. ಗರಿಷ್ಠ ವೇಗಕ್ಕೆ ಕಡಿವಾಣ ಹಾಕಿಬಿಟ್ಟರೆ ಬ್ಯಾಟರಿ ತಾನಾಗಿ ಉಳಿಯುತ್ತದೆ ಎಂಬ ಜನಪ್ರಿಯ ನಂಬಿಕೆ ಕೆಲವು ಫೋನುಗಳಲ್ಲಿ ಫಲಿಸಿ, ಇನ್ನು ಕೆಲವುಗಳಲ್ಲಿ ಫಲಿಸದೆ ಹೋಗುವುದು ಇದಕ್ಕೇ.

ಈ ಮೆಟ್ಟಿಲುಗಳಲ್ಲಿ ಯಾವಾಗ ಎಲ್ಲಿರಬೇಕು ಎಂದು ನಿರ್ಧರಿಸುವ ಭಾಗಕ್ಕೆ ಗವರ್ನರ್ ಎಂದು ಹೆಸರು. ಹಳ್ಳಿಯ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ನಿನ ಸದ್ದು ಕೇಳಿದವರಿಗೆ ಈ ಹೆಸರು ಹೊಸದಲ್ಲ. ಜೋಳ ಸುರಿದ ಕ್ಷಣ ಎಂಜಿನ್ನು ಒಮ್ಮೆ ಉಸಿರು ಕಟ್ಟಿದಂತೆ ತಗ್ಗಿ, ಆಮೇಲೆ ಗವರ್ನರ್ ಎಣ್ಣೆ ಹೆಚ್ಚಿಸಿ ಮತ್ತೆ ಲಯಕ್ಕೆ ಬರುತ್ತದೆ. ತಗ್ಗಿದ ಆ ಒಂದು ಕ್ಷಣ ಇದೆಯಲ್ಲ, ಫೋನಿನಲ್ಲಿ ಅದೇ ತಡವರಿಕೆ.

2004ರಲ್ಲಿ ಲಿನಕ್ಸಿಗೆ ಬಂದ ಆನ್‌ಡಿಮಾಂಡ್ ಗವರ್ನರ್ ಆಗಾಗ ಎದ್ದು, ಕಳೆದ ಅವಧಿಯಲ್ಲಿ ಪ್ರೊಸೆಸರ್ ಎಷ್ಟು ಪಾಲು ದುಡಿದಿದೆ ಎಂದು ನೋಡುತ್ತಿತ್ತು. ದುಡಿಮೆ ಹೊಸ್ತಿಲು ದಾಟಿದ್ದರೆ ವೇಗವನ್ನು ಒಮ್ಮೆಲೇ ತುದಿಗೇರಿಸುತ್ತಿತ್ತು. ಲ್ಯಾಪ್‌ಟಾಪಿಗೆ ಇದು ಸಾಕಾಗಿತ್ತು. ಫೋನಿಗೆ ಸಾಲಲಿಲ್ಲ, ಏಕೆಂದರೆ ಇದು ಹಿಂದಿನದನ್ನು ನೋಡಿ ಮುಂದಿನದನ್ನು ಹೇಳುವ ಪದ್ಧತಿ. ಬೆರಳು ಪರದೆಯನ್ನು ಮುಟ್ಟುವ ಮೊದಲಿನ ಕ್ಷಣ ಯಾವಾಗಲೂ ನಿಶ್ಶಬ್ದದ್ದೇ. 2010ರಲ್ಲಿ ಗೂಗಲ್ ತಂಡ ಆಂಡ್ರಾಯ್ಡಿಗೆಂದೇ ಬರೆದ ಇಂಟರ್‌ಆ್ಯಕ್ಟಿವ್ ಗವರ್ನರ್ ಇದನ್ನು ಸುಧಾರಿಸಿತು: ಪ್ರೊಸೆಸರ್ ನಿದ್ದೆಯಿಂದ ಎದ್ದ ಕೂಡಲೇ ಗಡಿಯಾರ ಹಚ್ಚಿ ಅದನ್ನು ಗಮನಿಸತೊಡಗುವುದು ಅದರ ಕ್ರಮ. ಆದರೂ ಅದು ಮಾಮೂಲಾಗಿ ಲೆಕ್ಕ ನೋಡುತ್ತಿದ್ದುದು 20 ಮಿಲಿಸೆಕೆಂಡಿಗೊಮ್ಮೆ. ಫ್ರೇಮಿನ ಗಡುವು 16.67. ಹೊರೆ ಏರಿದೆ ಎಂಬ ಸುದ್ದಿ ಗವರ್ನರಿಗೆ ಮುಟ್ಟುವಷ್ಟರಲ್ಲಿ ಒಂದು ಫ್ರೇಮ್ ಕೈಬಿಟ್ಟು ಹೋಗಿರಬಹುದು!

ಕಸ್ಟಮ್ ಕರ್ನೆಲ್ ಬರೆಯುವವರ ಆಟದ ಬಯಲು ಇದೇ ಆಗಿತ್ತು. ಲೆಕ್ಕ ನೋಡುವ ಅವಧಿಯನ್ನು ಕಿರಿದು ಮಾಡುವುದು. ಹೊರೆ ಕಂಡಾಗ ತುದಿಗೆ ಹಾರುವ ಬದಲು ಆ ಹಿತವಾದ ನಡುಮೆಟ್ಟಿಲಿಗೆ ಹಾರಿ ಅಲ್ಲಿ ಸ್ವಲ್ಪ ತಂಗುವುದು. ಏರಿದ ಮೇಲೆ ಎಷ್ಟು ಹೊತ್ತು ಇಳಿಯದೆ ಇರಬೇಕೆಂದು ಗೊತ್ತುಮಾಡುವುದು. ಒಂದೊಂದು ಫೋನಿಗೂ ಈ ಸಂಖ್ಯೆಗಳನ್ನು ಅವರು ವಾರಗಟ್ಟಲೆ ಹದಮಾಡುತ್ತಿದ್ದರು. 2013ರ ನೆಕ್ಸಸ್ 5ನ್ನೇ ನೋಡಿ. 300 ಮೆಗಾಹರ್ಟ್ಸಿನಿಂದ 2.26 ಗಿಗಾಹರ್ಟ್ಸಿನವರೆಗೆ ಏರಿಳಿಯುವ ನಾಲ್ಕು ಕೋರ್‌ಗಳು ಅದರಲ್ಲಿದ್ದವು. ಬ್ಯಾಟರಿ 2300 ಮಿಲಿಆ್ಯಂಪ್ ಅವರ್‌ನದು. ಬೇಡದಾಗ ಕೋರ್‌ಗಳನ್ನು ಪೂರ್ತಿ ಆರಿಸುವ ಕೆಲಸವನ್ನು ಚಿಪ್ ತಯಾರಕರ ಮುಚ್ಚಿದ ಸಂಕೇತದ ಒಂದು ಪ್ರೋಗ್ರಾಂ ನೋಡಿಕೊಳ್ಳುತ್ತಿತ್ತು. ಆಗಿನ ಲಿನಕ್ಸಿನಲ್ಲಿ ಒಂದು ಕೋರನ್ನು ಆರಿಸಬೇಕೆಂದರೆ ಉಳಿದೆಲ್ಲ ಕೋರ್‌ಗಳನ್ನೂ ಕ್ಷಣಕಾಲ ತಡೆದು ನಿಲ್ಲಿಸಬೇಕಿತ್ತು. ಉಳಿತಾಯಕ್ಕೆಂದು ಮಾಡಿದ ಏರ್ಪಾಡೇ ತಡವರಿಕೆಗೆ ದಾರಿಯಾಗಬಹುದಿತ್ತು. ಕಸ್ಟಮ್ ಕರ್ನೆಲ್‌ಗಳು ಅದನ್ನು ಬದಿಗಿಟ್ಟು ತಮ್ಮದೇ ನಿಯಮಗಳನ್ನು ತಂದವು. ಅಥವಾ ನಾಲ್ಕೂ ಕೋರ್‌ಗಳನ್ನು ಹಾಗೇ ಬಿಟ್ಟು, ಕೆಲಸವಿಲ್ಲದಾಗ ಆಳವಾದ ನಿದ್ದೆಗೆ ಕಳುಹಿಸಿದವು.

ಸ್ಟಾಕ್ ಕರ್ನೆಲ್ ಬರೆದವರಿಗೆ ಇದೆಲ್ಲ ತಿಳಿದಿರಲಿಲ್ಲ ಎಂದುಕೊಂಡರೆ ತಪ್ಪು. 2012ರ ಆಂಡ್ರಾಯ್ಡ್ 4.1ರಲ್ಲಿ ಗೂಗಲ್ ‘ಪ್ರಾಜೆಕ್ಟ್ ಬಟರ್’ ಹೆಸರಿನಲ್ಲಿ ಇಡೀ ಚಿತ್ರರಚನೆಯನ್ನು ಪರದೆಯ ಮಿಡಿತಕ್ಕೆ ಹೊಂದಿಸಿತು. ಜೊತೆಗೆ ಬೆರಳು ತಾಕಿದ ಕೂಡಲೇ, ಹೊರೆ ಏರುವುದನ್ನು ಕಾಯದೆ, ವೇಗ ಹೆಚ್ಚಿಸುವ ಉಪಾಯವನ್ನೂ ಸೇರಿಸಿತು. ಅಂದಮೇಲೆ ತಿಳಿವಳಿಕೆಯ ಕೊರತೆ ಇರಲಿಲ್ಲ. ತಯಾರಕರಿಗೆ ಇರುವ ಕಷ್ಟ ಬೇರೆ. ಅವರ ಒಂದೇ ಕರ್ನೆಲ್ ಲಕ್ಷಾಂತರ ಫೋನುಗಳಿಗೆ ಹೋಗಬೇಕು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲೂ, ಹಿಮ ಬೀಳುವ ಊರಿನ ಬೆಳಗಿನಲ್ಲೂ ಅದು ನಡೆಯಬೇಕು. ದಿನಕ್ಕೆ ಆರು ಗಂಟೆ ಆಟ ಆಡುವವರಿಗೂ, ವಾರಕ್ಕೊಮ್ಮೆ ಮಗನಿಗೆ ಕರೆ ಮಾಡುವ ಅಜ್ಜಿಗೂ ಅದೇ ಕರ್ನೆಲ್. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವ ದರ್ಜಿ ಸಡಿಲವಾಗಿಯೇ ಹೊಲಿಯಬೇಕಾಗುತ್ತದೆ.

ಈ ಸಡಿಲ ಅತ್ಯಂತ ಸ್ಪಷ್ಟವಾಗಿ ಕಾಣುವುದು ವೋಲ್ಟೇಜಿನಲ್ಲಿ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಎರಡು ಚಿಪ್‌ಗಳೂ ಒಂದೇ ಗುಣದವಲ್ಲ. ಒಂದೇ ಗೊನೆಯ ಅಡಿಕೆಯಲ್ಲೂ ಗಟ್ಟಿ, ಜೊಳ್ಳು ಇರುವ ಹಾಗೆ. ಕಾರ್ಖಾನೆಯಲ್ಲಿ ಪರೀಕ್ಷಿಸಿ ಅವನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. ನೆಕ್ಸಸ್ 5ರ ಸ್ನಾಪ್‌ಡ್ರ್ಯಾಗನ್ 800 ಚಿಪ್‌ಗಳಲ್ಲೂ ಅಂಥ ವರ್ಗಗಳಿದ್ದವು, ಒಂದೊಂದಕ್ಕೂ ಬೇರೆ ಬೇರೆ ವೋಲ್ಟೇಜ್ ಪಟ್ಟಿ. ಒಂದು ವರ್ಗದಲ್ಲಿನ ಅತ್ಯಂತ ದುರ್ಬಲ ಚಿಪ್ ಕೂಡ ತಪ್ಪದೆ ನಡೆಯುವಷ್ಟು ವೋಲ್ಟೇಜನ್ನು ತಯಾರಕರು ಕೊಡಬೇಕು. ನಿಮ್ಮ ಚಿಪ್ ಅದಕ್ಕಿಂತ ಗಟ್ಟಿಯಾಗಿದ್ದರೆ ಸ್ವಲ್ಪ ಇಳಿಸಬಹುದು. ಅಂಡರ್‌ವೋಲ್ಟ್ ಎಂದರೆ ಇಷ್ಟೇ. ಖರ್ಚು ವೋಲ್ಟೇಜಿನ ವರ್ಗಕ್ಕೆ ಹೊಂದಿಕೊಂಡಿರುವುದರಿಂದ 5 ಪ್ರತಿಶತ ಇಳಿಸಿದರೆ ಆ ಪಾಲಿನ ಖರ್ಚು ಸುಮಾರು 10 ಪ್ರತಿಶತ ಇಳಿಯುತ್ತದೆ. ಒಬ್ಬರ ಫೋನಿನಲ್ಲಿ ದಿನವಿಡೀ ನಡೆದ ಸಂಖ್ಯೆ ಇನ್ನೊಬ್ಬರ ಫೋನನ್ನು ಗಂಟೆಗೊಮ್ಮೆ ಸ್ಥಗಿತಗೊಳಿಸಿದ್ದೂ ಇದೇ ಕಾರಣಕ್ಕೆ. ವೋಲ್ಟೇಜು ಸಾಲದೆ ಹೋದ ಚಿಪ್ ಯಾವಾಗಲೂ ಕುಸಿದು ಬೀಳುವುದಿಲ್ಲ. ಕೆಲವೊಮ್ಮೆ ಮೌನವಾಗಿ ತಪ್ಪು ಉತ್ತರ ಬರೆದು ಮುಂದೆ ಸಾಗುತ್ತದೆ. ಉಳಿಸಿದ ಫೋಟೊದ ಕಡತವೊಂದು ತಿಂಗಳ ನಂತರ ತೆರೆಯದಿದ್ದಾಗ ಅದರ ಕಾರಣ ಯಾರಿಗೂ ಹೊಳೆಯುವುದಿಲ್ಲ. ಈ ಆಟವನ್ನು ಯಾರಿಗೂ ಶಿಫಾರಸು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಮುಂದಿನ ತಲೆಮಾರಿನ ಚಿಪ್‌ಗಳು ತಮ್ಮ ಗಟ್ಟಿತನವನ್ನು ತಾವೇ ಅಳೆದು ವೋಲ್ಟೇಜನ್ನು ಇಳಿಸಿಕೊಳ್ಳತೊಡಗಿದ ಮೇಲೆ ಅದರ ಅಗತ್ಯವೂ ಬಹುಮಟ್ಟಿಗೆ ಮುಗಿಯಿತು.

ಇನ್ನು ‘ಯಾರು ಓಡಬೇಕು’ ಎಂಬ ಪ್ರಶ್ನೆ. ಇದರ ಕಥೆ ಫೋನಿಗಿಂತ ಹಳೆಯದು, ಮತ್ತು ಅದರ ಮುಖ್ಯ ಪಾತ್ರ ಒಬ್ಬ ವೈದ್ಯ.

ಕಾನ್ ಕೊಲಿವಾಸ್ ಆಸ್ಟ್ರೇಲಿಯದ ಅರಿವಳಿಕೆ ತಜ್ಞ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿಯ ಉಸಿರನ್ನು ಕ್ಷಣಕ್ಷಣ ಕಾಯುವುದು ವೃತ್ತಿ. ಪ್ರೋಗ್ರಾಮಿಂಗ್ ಸ್ವಂತ ಆಸಕ್ತಿಯಿಂದ ಕಲಿತದ್ದು. ತಮ್ಮ ಕಂಪ್ಯೂಟರಿನಲ್ಲಿ ಹಿನ್ನೆಲೆಯಲ್ಲಿ ಏನಾದರೂ ನಡೆಯುತ್ತಿದ್ದರೆ ಹಾಡು ಏಕೆ ತುಂಡಾಗಬೇಕು, ಕಿಟಕಿ ಏಕೆ ಎಡವಬೇಕು ಎಂಬ ಪ್ರಶ್ನೆ ಅವರನ್ನು ಕರ್ನೆಲ್ಲಿನ ಒಳಗೆ ಎಳೆದೊಯ್ದಿತು. ಪ್ರೊಸೆಸರಿನ ಕಾಲವನ್ನು ಹಂಚುವ ಭಾಗಕ್ಕೆ ಶೆಡ್ಯೂಲರ್ ಎಂದು ಹೆಸರು. ದೊಡ್ಡ ಸರ್ವರ್‌ಗಳಿಗೆ ಹಿತವಾದ ಶೆಡ್ಯೂಲರ್ ಸಾಮಾನ್ಯ ಬಳಕೆದಾರನಿಗೆ ಹಿತವಲ್ಲ ಎಂಬುದು ಅವರ ವಾದ. ಎಲ್ಲರಿಗೂ ನ್ಯಾಯವಾಗಿ ಕಾಲ ಹಂಚಿದರೆ ಸಾಕು, ತಡವರಿಕೆ ತಾನಾಗಿ ಹೋಗುತ್ತದೆ ಎಂದು 2007ರಲ್ಲಿ ಒಂದು ಶೆಡ್ಯೂಲರ್ ಬರೆದು ತೋರಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಕರ್ನೆಲ್ಲಿನ ಅನುಭವಿ ಇಂಗೊ ಮೊಲ್ನಾರ್, ಈ ದಾರಿ ತೋರಿದವರು ಕೊಲಿವಾಸ್ ಎಂದು ಒಪ್ಪಿಕೊಂಡೇ, ತಮ್ಮದೇ ಬೇರೆಯದನ್ನು ಬರೆದರು. ಸಿಎಫ್‌ಎಸ್ ಎಂಬ ಆ ಶೆಡ್ಯೂಲರ್ ಅಕ್ಟೋಬರಿನಲ್ಲಿ ಲಿನಕ್ಸಿನ 2.6.23ನೇ ಆವೃತ್ತಿಯಲ್ಲಿ ಸೇರಿತು. ಕೊಲಿವಾಸ್ ಕರ್ನೆಲ್ ಕೆಲಸವನ್ನೇ ಬಿಟ್ಟರು.

ಎರಡು ವರ್ಷದ ಮೇಲೆ ಬಿಎಫ್‌ಎಸ್ ಎಂಬ ಹೊಸ ಶೆಡ್ಯೂಲರಿನೊಂದಿಗೆ ಅವರು ಮರಳಿದಾಗ ಮೊಲ್ನಾರ್ ಎರಡನ್ನೂ ಹೋಲಿಸಿ ಅಳೆದರು. ಅಳೆದದ್ದು ಎಂಟು ಕೋರ್‌ಗಳ ಬಲಿಷ್ಠ ಯಂತ್ರದಲ್ಲಿ. ಫಲಿತಾಂಶ ಬಿಎಫ್‌ಎಸ್‌ಗೆ ಅನುಕೂಲವಾಗಿರಲಿಲ್ಲ. ಅಂಥ ಯಂತ್ರಕ್ಕಾಗಿ ನಾನಿದನ್ನು ಬರೆಯಲೇ ಇಲ್ಲ ಎಂಬುದು ಕೊಲಿವಾಸ್ ಉತ್ತರದ ಸಾರ. ಇಬ್ಬರ ಅಳತೆಯೂ ಸರಿ, ಅಳೆದ ವಸ್ತು ಬೇರೆ. ಫೋನಿನ ಕರ್ನೆಲ್‌ಗಳನ್ನು ಹೋಲಿಸುವ ಚರ್ಚೆಗಳಲ್ಲಿ ಇದೇ ಘಟನೆ ಚಿಕ್ಕ ರೂಪದಲ್ಲಿ ಮತ್ತೆ ಮತ್ತೆ ನಡೆದದ್ದನ್ನು ಕಂಡಿದ್ದೇನೆ. ಬಿಎಫ್‌ಎಸ್ ಮುಖ್ಯ ಲಿನಕ್ಸಿಗೆ ಸೇರಲಿಲ್ಲ, ಆದರೆ ಕಸ್ಟಮ್ ಕರ್ನೆಲ್‌ಗಳ ಮೂಲಕ ಅನೇಕ ಆಂಡ್ರಾಯ್ಡ್ ಫೋನುಗಳ ಒಳಹೊಕ್ಕಿತು.

ಸ್ಟಾಕ್ ಕರ್ನೆಲ್ಲಿನ ಪಾಲಿಗೆ ಬಂದದ್ದು ಸಿಎಫ್‌ಎಸ್. ಅದರಲ್ಲಿ ಬೆಂಗಳೂರಿನ ಕೈಕೆಲಸವೂ ಇದೆ. ಕೇವಲ ಪ್ರೋಗ್ರಾಂಗಳ ನಡುವೆಯಷ್ಟೇ ನ್ಯಾಯ ಸಾಲದು, ಗುಂಪುಗಳ ನಡುವೆಯೂ ನ್ಯಾಯ ಹಂಚಬೇಕು ಎಂಬ ಏರ್ಪಾಡನ್ನು ಸಿಎಫ್‌ಎಸ್‌ಗೆ ಜೋಡಿಸುವಲ್ಲಿ ಮುಂದಾಳಾಗಿದ್ದವರು ಐಬಿಎಂನ ಬೆಂಗಳೂರು ಲಿನಕ್ಸ್ ತಂಡದಲ್ಲಿದ್ದ ಶ್ರೀವತ್ಸ ವಡ್ಡಗಿರಿ. 2008ರ ಜನವರಿಯಲ್ಲಿ ಬಂದ 2.6.24ನೇ ಆವೃತ್ತಿಯಲ್ಲಿ ಅದು ಸೇರಿತು. ಆಂಡ್ರಾಯ್ಡ್ ಇದನ್ನು ಹೇಗೆ ಬಳಸಿತು ನೋಡಿ. ಪರದೆಯ ಮೇಲೆ ಕಾಣುವ ಆ್ಯಪ್‌ಗಳ ಗುಂಪಿಗೆ 1024 ಪಾಲು, ಹಿನ್ನೆಲೆಯಲ್ಲಿ ಇರುವವುಗಳ ಇಡೀ ಗುಂಪಿಗೆ 52 ಪಾಲು ಎಂದು ಗೊತ್ತುಮಾಡಿತು. ಇಬ್ಬರಿಗೂ ಒಮ್ಮೆಗೇ ಪ್ರೊಸೆಸರ್ ಬೇಕಾದಾಗ ಹಿನ್ನೆಲೆಯವರಿಗೆ ಸಿಗುತ್ತಿದ್ದುದು ಸುಮಾರು 5 ಪ್ರತಿಶತ. ಇಮೇಲ್ ಇಳಿಯುತ್ತಿರುವಾಗಲೂ ನಿಮ್ಮ ಪಟ್ಟಿ ಸಲೀಸಾಗಿ ಸರಿಯುತ್ತಿದ್ದುದರ ಹಿಂದೆ ಇದ್ದದ್ದು ಈ ಎರಡು ಸಂಖ್ಯೆಗಳು. ಒಂದು ಒಳ್ಳೆಯ ಊಹೆ ಎಷ್ಟು ಸರಳವಾಗಿರಬಹುದು ಎನ್ನುವುದಕ್ಕೆ ನಾನು ಸದಾ ನೆನೆಯುವ ಉದಾಹರಣೆ ಇದು: ಜನ ನೋಡುತ್ತಿರುವುದೇ ಮುಖ್ಯ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಫೋನು ಕೈಯಲ್ಲಿರುವಾಗಿನ ಮಾತು. ಬ್ಯಾಟರಿಯ ಹಣೆಬರಹ ಬಹುಪಾಲು ನಿರ್ಧಾರವಾಗುವುದು ಅದು ಜೇಬಿನಲ್ಲಿರುವಾಗ.

ಆಸ್ಟ್ರೇಲಿಯದ ಆರನ್ ಕ್ಯಾರಲ್ ಮತ್ತು ಗೆರ್ನಾಟ್ ಹೈಸರ್ ಎಂಬ ಸಂಶೋಧಕರು 2010ರಲ್ಲಿ ಓಪನ್‌ಮೋಕೊ ಯೋಜನೆಯ ಫೋನೊಂದನ್ನು ಬಿಚ್ಚಿ, ಒಂದೊಂದು ಭಾಗ ಎಳೆಯುವ ವಿದ್ಯುತ್ತನ್ನು ಬೇರೆ ಬೇರೆಯಾಗಿ ಅಳೆದರು. ಸಾಮಾನ್ಯ ಬಳಕೆಯಲ್ಲಿ ದೊಡ್ಡ ಖರ್ಚಿನವು ಎಂದು ಕಂಡದ್ದು ಪರದೆಯ ಬೆಳಕು ಮತ್ತು ಮೊಬೈಲ್ ರೇಡಿಯೊ. ಪರದೆ ಎಷ್ಟು ಬೆಳಗಬೇಕೆಂಬುದು ನಿಮ್ಮ ಕೈಯಲ್ಲಿದೆ, ಟವರ್ ಎಷ್ಟು ದೂರದಲ್ಲಿದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಪರದೆ ಹೊತ್ತಿರುವಾಗ ಕರ್ನೆಲ್ ಬದಲಿಸಿ ಉಳಿಸಬಹುದಾದದ್ದಕ್ಕೆ ಇದರಿಂದಲೇ ಒಂದು ಮಿತಿ ಬೀಳುತ್ತದೆ. ಪ್ರೊಸೆಸರಿನ ಖರ್ಚನ್ನು ಕಾಲುಭಾಗ ತಗ್ಗಿಸಿದರೂ, ಒಟ್ಟು ಖರ್ಚಿನಲ್ಲಿ ಪ್ರೊಸೆಸರಿನ ಪಾಲು ಐದನೆಯ ಒಂದು ಎಂದಾದರೆ, ಉಳಿದದ್ದು 5 ಪ್ರತಿಶತ ಮಾತ್ರ. ಬ್ಯಾಟರಿ ಎರಡುಪಟ್ಟು ಬಂತು ಎಂಬ ಮಾತು ಕೇಳಿದಾಗ ನಾನು ಮೊದಲು ಈ ಲೆಕ್ಕ ಹಾಕುತ್ತೇನೆ, ಆಮೇಲೆ ‘ರಾತ್ರಿ ಏನಾಯಿತು’ ಎಂದು ಕೇಳುತ್ತೇನೆ.

ಏಕೆಂದರೆ ರಾತ್ರಿಯ ಲೆಕ್ಕ ಬೇರೆ. ಗಾಢ ನಿದ್ದೆಯಲ್ಲಿರುವ ಫೋನು 10 ಮಿಲಿಆ್ಯಂಪ್ ಎಳೆಯುತ್ತದೆ ಎಂದಿಟ್ಟುಕೊಂಡರೆ 2300 ಮಿಲಿಆ್ಯಂಪ್ ಅವರ್ ಬ್ಯಾಟರಿ 230 ಗಂಟೆ ಬರಬೇಕು. ಪರದೆ ಆರಿದ್ದರೂ ಒಳಗೆ ಯಾವುದೋ ಒಂದು ತುಣುಕು ನಿದ್ದೆಗೆ ಬಿಡದೆ ಹಿಡಿದಿಟ್ಟುಕೊಂಡು, ಎಳೆತ 100 ಮಿಲಿಆ್ಯಂಪ್‌ಗೆ ಏರಿತು ಎನ್ನಿ. ಬ್ಯಾಟರಿ 23 ಗಂಟೆಗೇ ಬರಿದು. ಇಲ್ಲಿ ವ್ಯತ್ಯಾಸ ಹತ್ತುಪಟ್ಟು! ಹೀಗೆ ನಿದ್ದೆಯನ್ನು ತಡೆಹಿಡಿಯುವ ಹಕ್ಕಿಗೆ ಆಂಡ್ರಾಯ್ಡ್ ಇಟ್ಟ ಹೆಸರು ವೇಕ್‌ಲಾಕ್. ಹಾಡು ನಡೆಯುತ್ತಿರುವಾಗ ಫೋನು ಮಲಗಬಾರದಲ್ಲ, ಅದಕ್ಕೆ ಬೇಕಾದ ಹಕ್ಕು. ಮುಖ್ಯ ಲಿನಕ್ಸಿನವರಿಗೆ ಈ ಏರ್ಪಾಡು ಹಿಡಿಸಲಿಲ್ಲ. 2009 ಮತ್ತು 2010ರಲ್ಲಿ ಗೂಗಲ್ ಇಂಜಿನಿಯರುಗಳಿಗೂ ಅವರಿಗೂ ನಡೆದ ದೀರ್ಘ ವಾಗ್ವಾದ ಕರ್ನೆಲ್ ಇತಿಹಾಸದ ಪ್ರಸಿದ್ಧ ಜಗಳಗಳಲ್ಲಿ ಒಂದು.

ಕೆಲವು ವೇಕ್‌ಲಾಕ್‌ಗಳು ಆ್ಯಪ್‌ಗಳವು, ಕೆಲವು ಫೋನಿನ ಬಿಡಿಭಾಗಗಳನ್ನು ನಡೆಸಲು ಕರ್ನೆಲ್ಲಿನೊಳಗಿರುವ ಚಾಲಕಗಳವೇ. ಹಾಸ್ಟೆಲ್ಲಿನ ವೈಫೈ ಜಾಲವನ್ನು ಯೋಚಿಸಿ. ನೂರಾರು ಸಾಧನಗಳು ‘ಈ ವಿಳಾಸದವರು ಯಾರಿದ್ದೀರಿ’ ಎಂದು ಎಲ್ಲರನ್ನೂ ಕೂಗಿ ಕೇಳುತ್ತಿರುತ್ತವೆ. ವೈಫೈ ಚಾಲಕ ಪ್ರತಿ ಕೂಗಿಗೂ ಫೋನನ್ನು ಎಬ್ಬಿಸಿ, ಮತ್ತೆ ಮಲಗುವ ಮುನ್ನ ತುಸು ಹೊತ್ತು ಎಚ್ಚರವಿರಿಸಿದರೆ ರಾತ್ರಿಯಿಡೀ ಅದಕ್ಕೆ ನಿದ್ದೆಯಿಲ್ಲ. ಆ ಎಚ್ಚರದ ಅವಧಿಯನ್ನು ಮೊಟಕುಗೊಳಿಸುವ, ಬೇಡದ ವೇಕ್‌ಲಾಕ್‌ಗಳನ್ನು ತಡೆಯುವ ಸೌಲಭ್ಯವನ್ನು ಕಸ್ಟಮ್ ಕರ್ನೆಲ್‌ಗಳು ಕೊಟ್ಟವು. ಒಂದೇ ಕರ್ನೆಲ್ ಹಾಸ್ಟೆಲ್ಲಿನ ಹುಡುಗನಿಗೆ ಪವಾಡವಾಗಿ, ಮನೆಯಲ್ಲಿ ಒಂದೇ ರೂಟರ್ ಇರುವವರಿಗೆ ಏನೂ ಅಲ್ಲವಾಗಿ ಕಂಡದ್ದು ಹೀಗೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. 2015ರ ಆಂಡ್ರಾಯ್ಡ್ 6.0ರಲ್ಲಿ ಬಂದ ಡೋಜ್, ಅಲುಗಾಡದೆ ಬಿದ್ದಿರುವ ಫೋನಿನ ಆ್ಯಪ್‌ಗಳನ್ನೆಲ್ಲ ಒಟ್ಟಿಗೆ ಮಲಗಿಸಿ, ಆಗೊಮ್ಮೆ ಈಗೊಮ್ಮೆ ಒಟ್ಟಿಗೆ ಎಬ್ಬಿಸತೊಡಗಿತು. ಕಸ್ಟಮ್ ಕರ್ನೆಲ್ಲಿನ ಬಹುದೊಡ್ಡ ಆಕರ್ಷಣೆಯೊಂದು ಆಗ ಮಸುಕಾಯಿತು.

ಹಾಗಾದರೆ ಎರಡು ಕರ್ನೆಲ್‌ಗಳನ್ನು ನ್ಯಾಯವಾಗಿ ತೂಗುವುದು ಹೇಗೆ? ಹೊಸದನ್ನು ಹಾಕಿದ ಮೊದಲ ದಿನದ ಅನುಭವವನ್ನು ನಾನು ನಂಬುವುದಿಲ್ಲ, ನನ್ನದನ್ನೂ ಸೇರಿಸಿ. ಫೋನು ಈಗಷ್ಟೇ ರೀಬೂಟ್ ಆಗಿರುತ್ತದೆ, ಹಿನ್ನೆಲೆಯಲ್ಲಿ ಜಮೆಯಾಗಿದ್ದ ಕಸ ಖಾಲಿಯಾಗಿರುತ್ತದೆ. ಜೊತೆಗೆ ನಾವು ಸುಧಾರಣೆಯನ್ನು ನಿರೀಕ್ಷಿಸುತ್ತಾ ಕೂತಿರುತ್ತೇವೆ. ನಿರೀಕ್ಷಿಸಿದ್ದನ್ನು ಕಾಣುವುದರಲ್ಲಿ ಕಣ್ಣು ಬಲು ಚುರುಕು. ಯಾವ ಕರ್ನೆಲ್ ಹಾಕಿದೆ ಎಂದು ಹೇಳದೆ ಫ್ಲಾಶ್ ಮಾಡಿಕೊಡಲು ಗೆಳೆಯನೊಬ್ಬ ಸಿಕ್ಕರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಒಮ್ಮೆ ಸ್ಟಾಕ್, ಒಮ್ಮೆ ಕಸ್ಟಮ್, ಮತ್ತೆ ಸ್ಟಾಕ್, ಮತ್ತೆ ಕಸ್ಟಮ್ ಎಂದು ಸರದಿಯಲ್ಲಿ ಮಾಡಬೇಕು. ಪರದೆಯ ಬೆಳಕು ಒಂದೇ ಮಟ್ಟಕ್ಕೆ ಕಟ್ಟಿಹಾಕಿರಬೇಕು, ಕೋಣೆಯ ಬಿಸಿಯೂ ಒಂದೇ ಇರಬೇಕು. ರೇಡಿಯೊದ ಏರುಪೇರು ನುಸುಳದಂತೆ ಏರೋಪ್ಲೇನ್ ಮೋಡಿನಲ್ಲಿ ಅಳೆಯಬೇಕು.

ನಯವನ್ನು ಅಳೆಯುವಾಗ ಸರಾಸರಿಯನ್ನು ಮರೆಯಬೇಕು. 60 ಹರ್ಟ್ಸ್ ಪರದೆಯಲ್ಲಿ ಒಂದು ನಿಮಿಷ ಸರಿಸಿದರೆ 3600 ಫ್ರೇಮುಗಳು. ಅದರಲ್ಲಿ 3564 ಸಮಯಕ್ಕೆ ಸರಿಯಾಗಿ ಬಂದು 36 ತಪ್ಪಿದರೆ ಲೆಕ್ಕದಲ್ಲಿ ಅದು 99 ಪ್ರತಿಶತ ಯಶಸ್ಸು. ಕಣ್ಣಿಗೆ ಮಾತ್ರ ಎರಡು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ತಡವರಿಕೆ. ಆದ್ದರಿಂದ ನೋಡಬೇಕಾದದ್ದು ಅತ್ಯಂತ ನಿಧಾನವಾದ ಆ ಒಂದು ಪ್ರತಿಶತವನ್ನು. ಆಂಡ್ರಾಯ್ಡಿನಲ್ಲೇ ಅಡಗಿರುವ ಸಾಧನಗಳು ಪ್ರತಿ ಆ್ಯಪ್‌ನ ಫ್ರೇಮುಗಳನ್ನು ವೇಗದವು ಮೊದಲಾಗಿ ಜೋಡಿಸಿದಾಗ ನೂರರಲ್ಲಿ 90ನೆಯದು, 95ನೆಯದು, 99ನೆಯದು ಎಷ್ಟು ಮಿಲಿಸೆಕೆಂಡು ತೆಗೆದುಕೊಂಡಿತು ಎಂದು ಬರೆದು ಕೊಡುತ್ತವೆ. ಬೆಂಚ್‌ಮಾರ್ಕ್ ಆ್ಯಪ್‌ಗಳ ಲಕ್ಷಗಟ್ಟಲೆ ಅಂಕಗಳಿಗಿಂತ ಆ 99ನೆಯ ಸಂಖ್ಯೆ ನನಗೆ ಹೆಚ್ಚು ಬೆಲೆಯುಳ್ಳದ್ದು.

ಹೀಗೆ ತೂಗುತ್ತಾ ಬಂದವರಿಗೆ ಕಂಡ ಬದಲಾವಣೆಯೆಂದರೆ, ವರ್ಷಗಳು ಉರುಳಿದಂತೆ ಎರಡೂ ತಟ್ಟೆಗಳು ಸಮೀಪಿಸುತ್ತಾ ಬಂದದ್ದು. 2011ರ ಅಕ್ಟೋಬರಿನಲ್ಲಿ ಆರ್ಮ್ ಕಂಪನಿ ದೊಡ್ಡ ಕೋರ್, ಚಿಕ್ಕ ಕೋರ್‌ಗಳನ್ನು ಒಂದೇ ಚಿಪ್‌ನಲ್ಲಿ ಕೂಡಿಸುವ ವಿನ್ಯಾಸ ಪ್ರಕಟಿಸಿದ ಮೇಲೆ ‘ಯಾವ ಕೋರ್‌ನಲ್ಲಿ’ ಎಂಬ ಪ್ರಶ್ನೆ ತೂಕದ್ದಾಯಿತು. ಎಲ್ಲರಿಗೂ ನ್ಯಾಯ ಹಂಚುವ ಸಿಎಫ್‌ಎಸ್‌ಗೆ ಕೋರ್‌ಗಳ ನಡುವಿನ ಈ ಭೇದ ಗೊತ್ತಿರಲಿಲ್ಲ. ಒಂದೊಂದು ಕೋರ್‌ನ ಒಂದೊಂದು ಮೆಟ್ಟಿಲಿನ ಶಕ್ತಿಯ ಖರ್ಚನ್ನು ಪಟ್ಟಿಮಾಡಿ ಶೆಡ್ಯೂಲರಿನ ಕೈಗೇ ಕೊಡುವ ಇಎಎಸ್ ಪದ್ಧತಿ 2016ರ ಪಿಕ್ಸೆಲ್ ಫೋನಿನಲ್ಲಿ ಬಂತು, 2019ರಲ್ಲಿ ಲಿನಕ್ಸ್ 5.0ರೊಂದಿಗೆ ಮುಖ್ಯ ಕರ್ನೆಲ್ ಸೇರಿತು. 2016ರಲ್ಲೇ ಬಂದ ಸ್ಕೆಡ್‌ಯುಟಿಲ್ ಗವರ್ನರ್ ಲೆಕ್ಕ ನೋಡಲು ಗಡಿಯಾರವನ್ನು ಕಾಯುವುದಿಲ್ಲ. ಹೊರೆಯ ಅಂದಾಜು ಬದಲಾದಂತೆ ಶೆಡ್ಯೂಲರೇ ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಒನ್‌ಪ್ಲಸ್ 3ರಂಥ ಫೋನುಗಳಿಗೆ ಹವ್ಯಾಸಿಗಳು ಇಎಎಸ್‌ಅನ್ನು ತಾವೇ ಹೊತ್ತು ತಂದರು. ಅದು ಕಸ್ಟಮ್ ಕರ್ನೆಲ್‌ಗಳ ಅತ್ಯಂತ ಸುಂದರ ಘಟ್ಟ ಎಂದು ನನ್ನ ಅಭಿಪ್ರಾಯ. ಅಲ್ಲಿ ಸಂಖ್ಯೆಗಳನ್ನು ತಿರುವುವ ಆಟವಿರಲಿಲ್ಲ, ಇಡೀ ಒಂದು ವಿಚಾರವನ್ನು ಹಳೆಯ ಯಂತ್ರದಲ್ಲಿ ನೆಡುವ ಕೆಲಸವಿತ್ತು.

ಇಂದು ಹೊಸ ಫೋನಿಗೆ ಕರ್ನೆಲ್ ಬದಲಿಸುವುದು ಕಷ್ಟದ ಮಾತು. ಫೋನು ಶುರುವಾಗುವಾಗ ಕರ್ನೆಲ್ಲನ್ನು ಎಬ್ಬಿಸುವ ಬೂಟ್‌ಲೋಡರಿನ ಬೀಗ ತೆರೆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ತೆರೆದದ್ದು ಪತ್ತೆಯಾದರೆ ಅನೇಕ ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ತರಕಾರಿ ಗಾಡಿಯ ಮುಂದೆಯೂ ಫೋನಿನಿಂದಲೇ ದುಡ್ಡು ಕೊಡುವ ನಮ್ಮಲ್ಲಿ ಇದು ಸಣ್ಣ ಬೆಲೆಯಲ್ಲ. ಆಂಡ್ರಾಯ್ಡ್ 12ರ ಕಾಲದಿಂದ, 5.10ನೇ ಆವೃತ್ತಿಯೊಂದಿಗೆ, ಗೂಗಲ್ ಎಲ್ಲ ತಯಾರಕರಿಗೂ ಒಂದೇ ಸಾಮಾನ್ಯ ಕರ್ನೆಲ್ ಕೊಟ್ಟು, ಫೋನಿನ ವಿಶೇಷಗಳನ್ನು ಪ್ರತ್ಯೇಕ ತುಣುಕುಗಳಾಗಿ ಜೋಡಿಸುವ ಕ್ರಮವನ್ನು ಕಡ್ಡಾಯ ಮಾಡತೊಡಗಿತು. ಕಸ್ಟಮ್ ಕರ್ನೆಲ್‌ಗೆ ಈಗ ಉಳಿದಿರುವ ದೊಡ್ಡ ಕೆಲಸ, ತಯಾರಕರು ಕೈಬಿಟ್ಟ ಹಳೆಯ ಫೋನುಗಳಿಗೆ ಮುಖ್ಯ ಲಿನಕ್ಸಿನ ಭದ್ರತಾ ತಿದ್ದುಪಡಿಗಳನ್ನು ತಲುಪಿಸುವುದು. ಆ ಕೆಲಸ ಈಗಲೂ ನಡೆಯುತ್ತಿದೆ.

ಕೊಲಿವಾಸ್ 2021ರಲ್ಲಿ ತಮ್ಮ ಶೆಡ್ಯೂಲರಿನ ಕೆಲಸವನ್ನು ನಿಲ್ಲಿಸಿದರು. ಬಿಎಫ್‌ಎಸ್‌ನ ಕೇಂದ್ರದಲ್ಲಿ ಇದ್ದದ್ದು ಪ್ರತಿ ಕೆಲಸಕ್ಕೂ ಒಂದು ಕಲ್ಪಿತ ಗಡುವು ಕೊಟ್ಟು, ಯಾರ ಗಡುವು ಮೊದಲೋ ಅವರನ್ನು ಮೊದಲು ಓಡಿಸುವ ಉಪಾಯ. 2023ರ ಅಕ್ಟೋಬರಿನಲ್ಲಿ ಬಂದ ಲಿನಕ್ಸ್ 6.6ರಲ್ಲಿ, 16 ವರ್ಷ ಆಳಿದ ಸಿಎಫ್‌ಎಸ್‌ನ ಮೂಲ ವಿಧಾನವನ್ನು ತೆಗೆದು ಇಇವಿಡಿಎಫ್ ಎಂಬುದನ್ನು ಕೂರಿಸಲಾಯಿತು. 1995ರ ಒಂದು ಸಂಶೋಧನಾ ಪ್ರಬಂಧದಿಂದ ಎತ್ತಿಕೊಂಡ ಆ ವಿಧಾನವೂ ಪ್ರತಿ ಕೆಲಸಕ್ಕೆ ಕಲ್ಪಿತ ಗಡುವು ಕೊಡುತ್ತದೆ, ಯಾರ ಗಡುವು ಮೊದಲೋ ಅವರನ್ನು ಓಡಿಸುತ್ತದೆ. ಆಂಡ್ರಾಯ್ಡ್ 15ರ ಸಾಮಾನ್ಯ ಕರ್ನೆಲ್ ಆ 6.6ನೇ ಆವೃತ್ತಿಯದು.